ದುರ್ಗಮ್ಮನ ಎಡಗೈ, ಉಲ್ಲಾಸನ ಗಂಟೆ

ಶಿರಸಿಯ ಹಳೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಜ್ಯೋತಿಯ ಝೆರಾಕ್ಸ್ ಅಂಗಡಿಗೆ ದುರ್ಗಮ್ಮ ಕೆಲಸಕ್ಕೆಂದು ಬಂದ ದಿನ, ಅವಳ ಜೊತೆ ಅವಳ ಟೈಪ್‌ರೈಟರೂ ಬಂತು. ಆಟೋದಲ್ಲಿ ಅದಕ್ಕೆ ಒಳ್ಳೆಯ ಜಾಗ ಕೊಟ್ಟು ಇವಳು ತುದಿಯಲ್ಲಿ ಕೂತಿದ್ದಳು. ಹಳೆ ಸೀರೆ ಹೊದೆಸಿದ್ದ ಅದನ್ನು, ಬಾಣಂತಿಯನ್ನು ಇಳಿಸಿಕೊಳ್ಳುವ ಜತನದಲ್ಲಿ ಇಳಿಸಿಕೊಂಡಳು.

"ಇದನ್ನೆಂತಕ್ಕೆ ತಂದ್ರಿ ದುರ್ಗಮ್ಮ? ಇಲ್ಲಿ ಕಂಪ್ಯೂಟರ್ ಇದ್ಯಲ್ಲ" ಎಂದಳು ಜ್ಯೋತಿ.

"ಇರ್ಲಿ ಬಿಡಿ ಅಮ್ಮ. ಮೂಲೇಲಿ ಕೂತಿರ್ತದೆ. ಅದೇನು ಊಟ ಕೇಳ್ತದಾ, ತಿಂಡಿ ಕೇಳ್ತದಾ?"

ಇಪ್ಪತ್ತಾರು ವರ್ಷ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಕೂತು ಅರ್ಜಿ ಹೊಡೆದವಳು ದುರ್ಗಮ್ಮ. ಈಗ ಆ ಜಗಲಿಗೆ ಗಾಜು ಹಾಕಿ ಒಳಗೆ ಸೇರಿಸಿಕೊಂಡರು. ಮಷಿನ್ನಿಗೆ ರಿಬ್ಬನ್ ಸಿಗುವುದೂ ನಿಂತಿತು. ಆದರೆ ಅವಳ ಗಿರಾಕಿಗಳು ನಿಲ್ಲಲಿಲ್ಲ. ಅವಳ ಕೈಯಲ್ಲಿ ಹೊಡೆಸಿದ ಅರ್ಜಿ ವಾಪಸ್ ಬರುವುದಿಲ್ಲ, ಅದು ಅವಳ ಕೈಗುಣ ಎಂದು ಸುತ್ತಲ ಹಳ್ಳಿಯವರು ನಂಬಿದ್ದರು. ಕೈಗುಣವಿರುವ ಕೈ ತನ್ನ ಅಂಗಡಿಯಲ್ಲೇ ಇದ್ದರೆ ಒಳ್ಳೆಯದಲ್ಲವೇ ಎಂದು ಜ್ಯೋತಿ ಕರೆದಳು. ಆದರೆ ಜ್ಯೋತಿ ಹುಷಾರು. "ಒಂದು ತಿಂಗಳು ನೋಡುವ. ಹೊಂದಿದ್ರೆ ಕುರ್ಚಿ ನಿಮ್ದು. ಹೊಂದದಿದ್ರೆ ಬೇಜಾರು ಮಾಡ್ಕೊಳ್ಳೂದು ಬ್ಯಾಡ" ಎಂದು ಮೊದಲೇ ಹೇಳಿಟ್ಟಿದ್ದಳು.

ಇದನ್ನೆಲ್ಲ ಝೆರಾಕ್ಸ್ ಮಷಿನ್ನಿನ ಹಿಂದೆ ನಿಂತು ಕೇಳಿಸಿಕೊಂಡವಳು ರೋಹಿಣಿ. ಹೆಗ್ಗರಣೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವ ಹುಡುಗಿ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟಿದ್ದಳು. ಓದು ಬರುತ್ತಿರಲಿಲ್ಲ ಎಂದಲ್ಲ. ಎದ್ದು ನಿಂತು ಹೇಳಬೇಕಲ್ಲ, ಅದು ಬರುತ್ತಿರಲಿಲ್ಲ. ಅವಳ ಬಾಯಿಂದ ಮಾತೆಂದರೆ ಅವಳೂರಿನ ಮಧ್ಯಾಹ್ನದ ಬಸ್ಸಿದ್ದಂತೆ. ಇದೆ ಎಂದು ಎಲ್ಲರೂ ಹೇಳುತ್ತಿದ್ದರು, ಕಂಡವರು ಕಡಿಮೆ. ಆದರೆ ಕಣ್ಣು ಮಾತ್ರ ಎರಡೂ ಹೊತ್ತು ಓಡುತ್ತಿತ್ತು. ಯಾವ ಗಿರಾಕಿ ಆಧಾರ್ ಕಾರ್ಡನ್ನು ಯಾವ ಜೇಬಲ್ಲಿ ಇಟ್ಟು ಯಾವ ಜೇಬಲ್ಲಿ ಹುಡುಕುತ್ತಾನೆ ಎನ್ನುವುದೂ ಅವಳಿಗೆ ಗೊತ್ತಿರುತ್ತಿತ್ತು. ಹೇಳುತ್ತಿರಲಿಲ್ಲ, ಅಷ್ಟೆ.

ಹೇಳದಿದ್ದ ಇನ್ನೂ ಒಂದು ಸಂಗತಿಯಿತ್ತು. ಟೈಪಿಂಗ್ ಕುರ್ಚಿಯ ಮೇಲೆ ರೋಹಿಣಿಗೂ ಆಸೆ. ಮಧ್ಯಾಹ್ನ ಜ್ಯೋತಿ ಊಟಕ್ಕೆ ಹೋದಾಗ ಕಂಪ್ಯೂಟರಿನ ಶಬ್ದ ಮುಚ್ಚಿ, ಒಂದೊಂದೇ ಬೆರಳಲ್ಲಿ ತನ್ನ ಹೆಸರು, ಅಮ್ಮನ ಹೆಸರು, ಬಸ್ಸಿನ ಹೆಸರು ಹೊಡೆದು, ಯಾರಾದರೂ ಬರುವ ಮೊದಲು ಅಳಿಸಿಬಿಡುತ್ತಿದ್ದಳು.

ದುರ್ಗಮ್ಮನಿಗೋಸ್ಕರ ಕೀಬೋರ್ಡ್ ಹೊಂದಿಸಿ ಕೊಡಲು ಬಂದವನು ಉಲ್ಲಾಸ. ಸಿದ್ದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಬೈಕಿನಲ್ಲಿ ಬರುವಾಗಲೂ ಹೆಲ್ಮೆಟ್ಟಿನೊಳಗೆ ಏನೋ ಲೆಕ್ಕ ಹಾಕುತ್ತ ಬರುವ ಮನುಷ್ಯ. ದುರ್ಗಮ್ಮನ ಬೆರಳಿಗೆ ರೂಢಿಯಾದ ಜಾಗದಲ್ಲೇ ಎಲ್ಲ ಅಕ್ಷರ ಸಿಗಬೇಕೆಂದು, ಅವಳು ಕೆಲಸಕ್ಕೆ ಬರುವ ಮೊದಲೇ ಅವಳ ಮನೆಗೆ ಹೋಗಿ, ಟೈಪ್‌ರೈಟರ್ ನೋಡಿ ನೋಡಿ, ಕಂಪ್ಯೂಟರಿಗೆ ಅದೇ ಜೋಡಣೆಯನ್ನು ತಾನೇ ಬರೆದಿದ್ದ. ನಾಲ್ಕು ಭಾನುವಾರ ಹಿಡಿಯಿತಂತೆ. ಆ ನಾಲ್ಕು ಭಾನುವಾರದ ವಿಷಯ ಅವನು ಸೋಮವಾರದಿಂದ ಶನಿವಾರದವರೆಗೂ ಹೇಳುತ್ತಿದ್ದ.

"ನೋಡು ದುರ್ಗಕ್ಕ, ಎಲ್ಲ ನಿನ್ನ ಮಷಿನ್ನಿಂದೇ. ಸಾಲು ಮುಗಿದ ಮೇಲೆ ಎಡಗೈಯಲ್ಲಿ ಆ ಹಿಡಿ ದೂಡ್ತಿದ್ಯಲ್ಲ, ಅದರ ಬದ್ಲು ಇಲ್ಲಿ ಈ ದೊಡ್ಡ ಕೀ, ಎಂಟರ್. ತಿಳೀತಾ? ಒಂದೇ ಒಂದು ಫರಕು. ಮೊದ್ಲು ಅಕ್ಷರ ಒತ್ಬೇಕು, ಆಮೇಲೆ ಅದ್ರ ಕೊಂಬು, ಒತ್ತು ಎಲ್ಲ. ಅಕ್ಷರನೇ ಇಲ್ದೆ ಕೊಂಬು ಒತ್ತಿದ್ರೆ ಇದು ತಗಳೂದಿಲ್ಲ."

"ತಗಳದೆ ಎಂತ ಮಾಡ್ತದೆ?"

"ಸುಮ್ನಿರ್ತದೆ."

ಅಲ್ಲೇ ಶುರುವಾಯಿತು ತಕರಾರು. ದುರ್ಗಮ್ಮನ ಮಷಿನ್ನಿನಲ್ಲಿ ಕೆಲವು ಗುರುತುಗಳನ್ನು ಮೊದಲು ಹೊಡೆದು ಅದರ ಮೇಲೆ ಅಕ್ಷರ ಕೂರಿಸುವ ರೂಢಿ. ಇಪ್ಪತ್ತಾರು ವರ್ಷದ ಬೆರಳು ಒಂದು ವಾರದಲ್ಲಿ ಕೇಳುತ್ತದೆಯೇ? ಅವಳು ಹೊಡೆದಳು. ಕಂಪ್ಯೂಟರ್ ಸುಮ್ಮನಿತ್ತು. ಕೀ ಸರಿಯಾಗಿ ಬಿದ್ದಿಲ್ಲವೇನೋ ಎಂದು ಇನ್ನಷ್ಟು ಜೋರಾಗಿ ಹೊಡೆದಳು. ಮೂರನೆಯ ಸಲ ಹೊಡೆದ ಹೊಡೆತಕ್ಕೆ ಮೇಜಿನ ಮೇಲಿದ್ದ ಅಂಟಿನ ಬಾಟಲಿ ನೆಲಕ್ಕೆ ಹಾರಿತು.

"ಇದಕ್ಕೆ ಕಿವಿ ಕೇಳೂದಿಲ್ಲ ಮಾರಾಯಾ" ಎಂದಳು ದುರ್ಗಮ್ಮ.

ಉಲ್ಲಾಸ ಮುಂದಿನ ವಾರ ಬಂದು, ತಪ್ಪು ಕೀ ಒತ್ತಿದರೆ ಪರದೆಯ ನಡುವೆ ಕೆಂಪು ಚೌಕಟ್ಟೊಂದು ಏಳುವಂತೆ ಮಾಡಿದ. ಅದರೊಳಗೆ ಚಂದದ ಅಕ್ಷರದಲ್ಲಿ 'ಅಮಾನ್ಯ' ಎಂದು ಬರುತ್ತಿತ್ತು. ಪಾಪ, ಅವನಿಗೆ ಕಚೇರಿಯ ಜಗಲಿ ಗೊತ್ತಿರಲಿಲ್ಲ. ದುರ್ಗಮ್ಮ ಆ ಚೌಕಟ್ಟನ್ನು ಕಂಡದ್ದೇ ಕನ್ನಡಕ ತೆಗೆದಿಟ್ಟಳು.

"ಯಾರು ಅಮಾನ್ಯ ಮಾಡಿದ್ದು?"

"ಯಾರೂ ಅಲ್ಲ ದುರ್ಗಕ್ಕ, ಕಂಪ್ಯೂಟರ್..."

"ತಹಶೀಲ್ದಾರ್ರು ಹದಿನಾಲ್ಕು ಜನ ಬಂದು ಹೋದ್ರು ನಾ ಕೂತ ಮೇಲೆ. ಒಬ್ರೂ ನಾ ಹೊಡೆದ ಅರ್ಜಿ ಮೇಲೆ ಆ ಶಬ್ದ ಬರೀಲಿಲ್ಲ. ಈ ಡಬ್ಬಿ ಬರೀತದ್ಯಾ? ಅದೂ ಕೆಂಪಲ್ಲಿ? ಅದೂ ಇನ್ನೂ ಅರ್ಧ ಹೊಡಿಯೂದ್ರೊಳಗೆ?"

ಆ ದಿನ ಅವಳು ಮತ್ತೆ ಕೀಬೋರ್ಡ್ ಮುಟ್ಟಲಿಲ್ಲ. ಮೂಲೆಯ ಟೈಪ್‌ರೈಟರಿನ ಸೀರೆ ಸರಿಸಿ, ಸಣ್ಣ ಬ್ರಷ್ಷಿನಿಂದ ಅದರ ಹಲ್ಲು ತಿಕ್ಕುತ್ತ ಕೂತಳು. ಜ್ಯೋತಿಗೆ ಸಿಟ್ಟು ಬಂದಾಗ ಮಾತ್ರ ಮನೆಯ ಹವ್ಯಕ ಮಾತು ಹೊರಗೆ ಬರುತ್ತಿತ್ತು. "ಆನು ಎಂತ ಮಾಡವು ಈಗ? ಎಂಗೆ ತಲೆನೇ ಓಡ್ತಿಲ್ಲೆ" ಎಂದು ಗೋಡೆಯ ಕ್ಯಾಲೆಂಡರಿಗೆ ಹೇಳಿದಳು. ಕ್ಯಾಲೆಂಡರಿನಲ್ಲಿ ಇನ್ನು ಹದಿನೈದು ದಿನ ಉಳಿದಿತ್ತು.

ಮೂರನೆಯ ಸಲ ಉಲ್ಲಾಸ ಜಂಬದಿಂದಲೇ ಬಂದ. "ಈ ಸಲ ನೋಡಿ. ಬೈಗುಳ ಇಲ್ಲ, ಕೆಂಪು ಇಲ್ಲ. ತಪ್ಪು ಕೀ ಒತ್ತಿದ್ರೆ ಬರೀ ಒಂದು ಗಂಟೆ. ಟಿಣ್! ಎಷ್ಟು ಮರ್ಯಾದಿ ನೋಡಿ!"

ದುರ್ಗಮ್ಮ ಒಮ್ಮೆ ಒತ್ತಿದಳು. ಟಿಣ್. ಅವಳ ಮುಖ ಅರಳಿತು. "ಹೌದಪ್ಪ! ಇದು ಮಷಿನ್ನಿನ ಮಾತು. ಇದು ಚೊಲೊ ಇದ್ದು" ಎಂದು ಮರುಮಾತಿಲ್ಲದೆ ಹೊಡೆಯತೊಡಗಿದಳು. ಉಲ್ಲಾಸ ಕಾಲರ್ ಸರಿಮಾಡಿಕೊಂಡು ಜ್ಯೋತಿ ತರಿಸಿದ ಚಹಾ ಕುಡಿದು ಸಿದ್ದಾಪುರಕ್ಕೆ ಹೋದ.

ಅಂಗಡಿಯಲ್ಲಿ ಶಾಂತಿ ನೆಲೆಸಿತು ಅಂತಲೇ ಎಲ್ಲರೂ ತಿಳಿದರು. ದುರ್ಗಮ್ಮ ಹೊಡೆಯುತ್ತಿದ್ದಳು, ಗಂಟೆ ಬಾರಿಸುತ್ತಿತ್ತು, ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಆದರೆ ಪ್ರಿಂಟರಿನಿಂದ ಬಂದ ಕಾಗದ ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಒಂದು ಸಾಲಿನಲ್ಲಿ ಎರಡು ಶಬ್ದ, ಮುಂದಿನದರಲ್ಲಿ ಐದು, ಅದರ ಕೆಳಗೆ ಒಂದೇ ಅಕ್ಷರ. ಅರ್ಧ ಹೆಸರು ಮೇಲೆ, ಅರ್ಧ ಹೆಸರು ಕೆಳಗೆ.

ಇಂಥ ಕಾಗದ ಮೊದಲು ಸಿಕ್ಕಿದ್ದು ದಾಸನಕೊಪ್ಪದ ಸಂಗಯ್ಯನವರಿಗೆ. ತೀರಿಕೊಂಡ ತಾಯಿಯ ಹೆಸರಿನಲ್ಲಿದ್ದ ಪಹಣಿಯನ್ನು ತಮ್ಮ ಹೆಸರಿಗೆ ಮಾಡಿಸಬೇಕೆಂದು, ದುರ್ಗಮ್ಮನನ್ನೇ ಹುಡುಕಿಕೊಂಡು ಬಂದಿದ್ದರು. ಕಾಗದವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಏನ್ರಿ ದುರ್ಗಮ್ಮಾರ, ಇದು ಅರ್ಜಿನೋ, ಬಾವಿ ಮೆಟ್ಲೋ? ನನ್ನ ಹೆಸರು ಓದಾಕ ಎರಡು ಮೆಟ್ಲ ಇಳೀಬೇಕಲ್ರಿ!"

ಸರದಿಯಲ್ಲಿ ನಿಂತವರು ನಕ್ಕರು. ದುರ್ಗಮ್ಮ ನಗಲಿಲ್ಲ. "ಕಾಗದ ಇಲ್ಲಿ ಕೊಡಿ, ಇನ್ನೊಂದು ಸಲ ಹೊಡಿತೆ" ಎಂದು ಕೈ ಚಾಚಿದಳು. ಇನ್ನೊಂದು ಸಲ ಹೊಡೆದದ್ದರಲ್ಲಿ ಮೆಟ್ಟಿಲು ಮೂರು ಹೆಚ್ಚಿದ್ದವು.

"ಇರ್ಲಿ ಬಿಡ್ರಿ, ನಾ ಸೋಮಾರ ಬರ್ತೇನಿ. ನಿಮ್ಮ ಕೈಲೇ ಆಗಬೇಕದು" ಎಂದು ಸಂಗಯ್ಯನವರು ಬಸ್ಸಿಗೆ ಹೋದರು. ಹೋಗುವಾಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ, ಕನಿಕರ ಇತ್ತು. ತಮಾಷೆಯನ್ನಾದರೂ ತಡೆದುಕೊಳ್ಳಬಹುದಿತ್ತು.

ಉಲ್ಲಾಸನಿಗೆ ಫೋನ್ ಹೋಯಿತು. ಅವನು ಬಂದು ಕಂಪ್ಯೂಟರಿನ ಹೊಟ್ಟೆ ಬಗೆದು ನೋಡಿ, ಯಾವ ದೋಷವೂ ಇಲ್ಲವೆಂದು ಕೈ ತೊಳೆದುಕೊಂಡ. ಹಾಗಾದರೆ ದೋಷ ಎಲ್ಲಿ? ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ದುರ್ಗಮ್ಮನ ನರೆತ ಕೂದಲ ಕಡೆ ಒಮ್ಮೆ ನೋಡಿ ಬೇರೆ ಕಡೆ ನೋಡಿದರು.

ಆ ಸಂಜೆ ಜ್ಯೋತಿ ರೋಹಿಣಿಯನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು. "ಸೋಮವಾರ ಸಂಗಯ್ಯನವರ ಅರ್ಜಿ ಒಂದು ಆಗ್ಲಿ, ಅದೂ ಹೀಂಗೇ ಆದ್ರೆ ಮುಗೀತು. ಮಂಗಳವಾರದಿಂದ ನೀನೇ ಆ ಕುರ್ಚಿ ಮೇಲೆ ಕೂರು. ಮಧ್ಯಾಹ್ನ ಹೊತ್ತು ನೀ ಎಂತ ಮಾಡ್ತೆ ಅಂತ ನಂಗೆ ಗೊತ್ತಿಲ್ಲ ಅಂದ್ಕಂಡ್ಯಾ?"

ರೋಹಿಣಿಯ ಕಿವಿ ಕೆಂಪಾಯಿತು. ಚೀಲ ಹೆಗಲಿಗೇರಿಸಿ ಹೊರಟಳು. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತರೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ದೋಷ ಎಲ್ಲಿದೆ ಎಂದು ಅವಳಿಗೆ ಆಗಲೇ ಗೊತ್ತಿತ್ತು.

ಎರಡು ದಿನದಿಂದ ನೋಡಿದ್ದಳು. ದುರ್ಗಮ್ಮ ತಪ್ಪು ಕೀ ಒತ್ತುತ್ತಾಳೆ. ಗಂಟೆ ಟಿಣ್ ಎನ್ನುತ್ತದೆ. ತಕ್ಷಣ ಅವಳ ಎಡಗೈ ತಾನೇ ತಾನಾಗಿ ಮೇಲೇಳುತ್ತದೆ. ಗಾಳಿಯಲ್ಲಿ ಏನನ್ನೋ ದೂಡಲು ಹೋಗಿ, ನೆನಪಾಗಿ, ಇಳಿದು, ಎಂಟರ್ ಒತ್ತುತ್ತದೆ. ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತ ಬಂದಾಗ ಗಂಟೆ ಬಾರಿಸುತ್ತದೆ; ಹಿಡಿ ದೂಡಿ ಹೊಸ ಸಾಲು ಹಿಡಿ ಎಂದು ಅದರ ಅರ್ಥ. ಉಲ್ಲಾಸನ ಗಂಟೆ 'ತಪ್ಪಾಯಿತು' ಎನ್ನುತ್ತಿತ್ತು. ದುರ್ಗಮ್ಮನ ಕೈಗೆ ಕೇಳುತ್ತಿದ್ದದ್ದು ಸಾಲು ಮುಗಿಯಿತು ಅಂತ. ಕಿವಿಯಿಂದ ಕೈಗೆ ಇಪ್ಪತ್ತಾರು ವರ್ಷದಿಂದ ಸವೆದ ದಾರಿ. ನಡುವೆ ತಲೆಯನ್ನು ಯಾರೂ ಕೇಳುತ್ತಲೇ ಇರಲಿಲ್ಲ.

ಹೇಳಿಬಿಟ್ಟರೆ ಕುರ್ಚಿ ಹೋಯಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಗೂ ಅವಳು ಮಾತಾಡುವವಳಲ್ಲ ಎಂದು ಊರಿಗೇ ಗೊತ್ತು. ಮಾತು ಬಾರದಿರುವುದು ಇಷ್ಟು ಅನುಕೂಲವಾಗಿ ಒದಗಿಬಂದದ್ದು ಅವಳ ಜೀವನದಲ್ಲಿ ಅದೇ ಮೊದಲು.

ಶನಿವಾರ ಮಧ್ಯಾಹ್ನ ದುರ್ಗಮ್ಮ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ರೋಹಿಣಿಯ ಕಡೆ ಸರಿಸಿದಳು. "ತಗ. ನಿನ್ನ ಬೆರಳು ಉದ್ದ ಇದಾವೆ, ಟೈಪಿಗೆ ಲಾಯಕ್ಕು. ಮಂಗಳವಾರದಿಂದ ನೀ ಕೂರ್ತ್ಯಲ್ಲ."

ರೋಹಿಣಿ ಮುರಿದ ರೊಟ್ಟಿಯನ್ನು ಬುತ್ತಿಯ ಮುಚ್ಚಳಕ್ಕೇ ವಾಪಸ್ ಇಟ್ಟಳು.

"ಹೆದರಬ್ಯಾಡ ಮಾರಾಯ್ತಿ, ನಂಗೆ ಯಾರೂ ಹೇಳ್ಲಿಲ್ಲ. ಜ್ಯೋತಮ್ಮ ನಿನ್ನೆಯಿಂದ ನನ್ನತ್ರ ಮೆತ್ತಗೆ ಮಾತಾಡ್ತ್ರು, ಅಷ್ಟರಲ್ಲೇ ತಿಳೀತು. ಸಂಗಯ್ಯನವರ ಅರ್ಜಿ ಸೋಮವಾರಕ್ಕೆ ಮುಗೀತದಲ್ಲ." ದುರ್ಗಮ್ಮ ನಕ್ಕಳು. ಆಮೇಲೆ ತನ್ನ ಸಣ್ಣ ಬ್ರಷ್ಷನ್ನು ಸೀರೆಯ ಸೆರಗಿಗೆ ಒರೆಸಿ ಅವಳ ಮುಂದಿಟ್ಟಳು. "ಇದು ಇರ್ಲಿ ನಿಂಗೆ. ಆ ಕೀಬೋರ್ಡಿನ ಸಂದೀಲಿ ಧೂಳು ಕೂರ್ತದೆ."

ಊಟ ಮುಗಿಸಿ ದುರ್ಗಮ್ಮ ಪೇಟೆಗೆ ಹೊರಟಳು. ಅಷ್ಟು ಹೊತ್ತಿಗೆ ಉಲ್ಲಾಸ ತನ್ನ ಹೆಲ್ಮೆಟ್ ಹಿಡಿದು ಒಳಗೆ ಬಂದ. ಪ್ರಿಂಟರಿಗೆ ಮಸಿ ತುಂಬಬೇಕಿತ್ತು. ಜ್ಯೋತಿ ಸರದಿಯ ನಾಲ್ಕು ಜನರಿಗೆ ಝೆರಾಕ್ಸ್ ಮಾಡಿಕೊಡುತ್ತಿದ್ದಳು. ರೋಹಿಣಿ ಅವನ ಹಿಂದೆ ನಿಂತಳು. ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

"ಎಂತದೇ? ಬಾಯಿಗೆ ನೊಣ ಹೋಗ್ತದೆ" ಎಂದ ಉಲ್ಲಾಸ.

ಅವಳು ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕೂತುಬಿಟ್ಟಳು. ಶಬ್ದ ಮುಚ್ಚಲು ಮರೆತಿದ್ದಳು. ದುರ್ಗಮ್ಮನ ಜೋಡಣೆಯಲ್ಲಿ ಅವಳು ಹೊಡೆದದ್ದು ಕಡಿಮೆ. ಟಿಣ್. ಜ್ಯೋತಿ ತಲೆಯೆತ್ತಿದಳು. ಟಿಣ್. ಸರದಿಯವರೂ ತಿರುಗಿದರು. ಟಿಣ್ ಟಿಣ್. ಬೆವರು ಇಳಿಯುತ್ತಿತ್ತು, ಆದರೆ ಬೆರಳು ನಿಲ್ಲಲಿಲ್ಲ. ದೇವಸ್ಥಾನದ ಮಂಗಳಾರತಿಯಷ್ಟು ಗಂಟೆ ಮೊಳಗಿದ ಮೇಲೆ ಪರದೆಯ ಮೇಲೆ ಇಷ್ಟು ಮೂಡಿತ್ತು:

'ಉಲ್ಲಾಸಣ್ಣ, ದುರ್ಗಕ್ಕಂದು ತಪ್ಪಲ್ಲ. ಗಂಟೆ ಕೇಳಿದ್ರೆ ಅವರು ಸಾಲು ಮುಗೀತು ಅಂದ್ಕಳ್ತಾರೆ. ಎಡಗೈ ನೋಡು.'

ಉಲ್ಲಾಸ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಹಣೆಗೆ ಕೈ ಹೊಡೆದುಕೊಂಡ; ಹೆಲ್ಮೆಟ್ ಅದೇ ಕೈಯಲ್ಲಿತ್ತು, ಪೆಟ್ಟು ಜೋರಾಗಿಯೇ ಬಿತ್ತು.

"ನಾಲ್ಕು ಭಾನುವಾರ!" ಎಂದ ನೋವಿನಿಂದ. "ನಾಲ್ಕು ಭಾನುವಾರ ಕೂತು ಅವಳ ಬೆರಳು ನೋಡಿದ್ದೆ. ಕಿವಿ ನೋಡ್ಲಿಲ್ವಲ್ಲೇ! ಈಗ ಎಂತ ಮಾಡೂದು? ಸುಮ್ನಿದ್ರೆ ಕುಟ್ತಾಳೆ, ಬರೆದು ತೋರಿಸಿದ್ರೆ ಜಗಳ ಕಾಯ್ತಾಳೆ, ಗಂಟೆ ಹೊಡೆದ್ರೆ ಮೆಟ್ಲು ಕಟ್ತಾಳೆ."

ರೋಹಿಣಿ ಎದ್ದು ಮೂಲೆಗೆ ಹೋದಳು. ಟೈಪ್‌ರೈಟರಿನ ಸೀರೆ ಸರಿಸಿ, ಎರಡು ಬೆರಳಲ್ಲಿ ಎರಡು ಕೀಗಳನ್ನು ಒಟ್ಟಿಗೆ ಒತ್ತಿದಳು. ಎರಡು ಕಬ್ಬಿಣದ ಕಡ್ಡಿ ಒಟ್ಟಿಗೆ ಮೇಲೆದ್ದು, ಒಂದಕ್ಕೊಂದು ತೆಕ್ಕೆ ಬಿದ್ದು, ಅಲ್ಲೇ ಸಿಕ್ಕಿಕೊಂಡವು. ಖಟಕ್!

"ಯಾರೇ ಅದು!" ಓಣಿಯಿಂದ ಕೂಗು ಬಂತು. ದುರ್ಗಮ್ಮ ಇನ್ನೂ ಎದುರಿನ ಬಳೆ ಅಂಗಡಿಯ ಮುಂದಿದ್ದಳು, ಒಳಗಿನದ್ದು ಕಾಣುವಂತಿರಲಿಲ್ಲ. "ನನ್ನ ಮಷಿನ್ ಯಾರೇ ಮುಟ್ಟಿದ್ದು? ಕಡ್ಡಿ ಸಿಕ್ಕಿಬಿತ್ತಲ್ಲೇ! ಮುಂದೆ ಹೊಡೀಬ್ಯಾಡ, ಬಿಡಿಸಿ ಹೊಡಿ!"

ರೋಹಿಣಿ ಉಲ್ಲಾಸನ ಮುಖ ನೋಡಿದಳು. ಉಲ್ಲಾಸ ರೋಹಿಣಿಯ ಮುಖ ನೋಡಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು, "ಇನ್ನೊಂದು ಸಲ ಒತ್ತು, ರೆಕಾರ್ಡ್ ಮಾಡ್ತೆ" ಎಂದ ಪಿಸುಮಾತಿನಲ್ಲಿ. ಆ ಇನ್ನೊಂದು ಸಲಕ್ಕೆ ದುರ್ಗಮ್ಮನಿಂದ ಬಂದ ಬೈಗುಳವೂ ಅದರಲ್ಲಿ ಸೇರಿತ್ತು. ಅದನ್ನು ಕತ್ತರಿಸಿ ತೆಗೆದು, ಗಂಟೆಯ ಜಾಗಕ್ಕೆ ಆ ಖಟಕ್ ಕೂರಿಸಲು ಅವನಿಗೆ ಐದನೆಯ ಭಾನುವಾರ ಖರ್ಚಾಯಿತು.

ಸೋಮವಾರ ಸಂಗಯ್ಯನವರು ಬಂದರು. ದುರ್ಗಮ್ಮ ಹೊಸ ಸೀರೆ ಉಟ್ಟಿದ್ದಳು, ಕಡೆಯ ದಿನಕ್ಕೆ ಮರ್ಯಾದೆಯಿಂದ ಎದ್ದು ಹೋಗುವಾ ಎಂದಿರಬೇಕು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಿದರೆ ಕೈ ಬಿಗಿಯಾಗುತ್ತದೆ ಎಂದು ಉಲ್ಲಾಸ ಎಲ್ಲರ ಬಾಯಿ ಕಟ್ಟಿದ್ದ. ರೋಹಿಣಿಯ ಬಾಯಿ ಕಟ್ಟುವ ಶ್ರಮ ಅವನಿಗೆ ಬೀಳಲಿಲ್ಲ.

ದುರ್ಗಮ್ಮ ಬೆರಳು ನೆಟಿಗೆ ಮುರಿದು ಶುರು ಮಾಡಿದಳು. ಒಂದು ಸಾಲು ನೆಟ್ಟಗೆ ಹೋಯಿತು. ಎರಡನೆಯ ಸಾಲಿನ ನಡುವೆ ಹಳೆ ರೂಢಿ ಕೈಕೊಟ್ಟಿತು.

ಖಟಕ್!

ಎರಡೂ ಕೈ ನಿಂತಲ್ಲೇ ನಿಂತವು. ಎಡಗೈ ಮೇಲೇಳಲಿಲ್ಲ. ಬದಲಿಗೆ ಬಲಗೈಯ ತೋರುಬೆರಳು ಸಿಕ್ಕಿಬಿದ್ದ ಕಡ್ಡಿ ಬಿಡಿಸಲು ಮುಂದೆ ಹೋಗಿ, ಕೀಬೋರ್ಡಿನ ಮೇಲಿನ ಗಾಳಿಯಲ್ಲಿ ಒಮ್ಮೆ ಆಡಿ, ಏನೂ ಸಿಗದೆ ನಿಂತಿತು.

"ಏನ್ರಿ ದುರ್ಗಮ್ಮಾರ, ನೊಣ ಹಿಡಿಯಾಕ ಹತ್ತೀರೇನು?" ಎಂದರು ಸಂಗಯ್ಯನವರು.

ದುರ್ಗಮ್ಮ ಕಣ್ಣು ಕಿರಿದು ಮಾಡಿ ಪರದೆ ನೋಡಿದಳು. "ಓ... ಇಲ್ಲಿ ತಪ್ಪಿದ್ದಾ" ಎಂದು ಗೊಣಗಿ, ಮೊದಲು ಅಕ್ಷರ, ಆಮೇಲೆ ಕೊಂಬು ಹೊಡೆದಳು. ಮುಂದೆ ಹೋದಳು. ಪುಟ ಮುಗಿಯುವುದರೊಳಗೆ ಇನ್ನೂ ಏಳು ಸಲ ಖಟಕ್ ಎಂದಿತು, ಏಳೂ ಸಲ ಕೈ ನಿಂತು, ನೋಡಿ, ತಿದ್ದಿ, ಮುಂದೆ ಹೋಯಿತು. ಕೊನೆಕೊನೆಗೆ ಬೆರಳು ಗಾಳಿಗೆ ಹೋಗುವುದನ್ನೂ ಬಿಟ್ಟಿತು.

ಪ್ರಿಂಟರಿನಿಂದ ಕಾಗದ ಹೊರಗೆ ಬರುತ್ತಿದ್ದಂತೆ ದುರ್ಗಮ್ಮ ಅದರ ತುದಿ ಹಿಡಿದು ಸರ್ರನೆ ಎಳೆದಳು, ಟೈಪ್‌ರೈಟರಿನ ರೋಲಿನಿಂದ ಎಳೆಯುವ ಹಾಗೆ. ಪ್ರಿಂಟರ್ ಕಿರ್ರೆಂದಿತು. ಉಲ್ಲಾಸ ಕಣ್ಣು ಮುಚ್ಚಿಕೊಂಡ. ಆದರೆ ಕಾಗದದ ಮೇಲೆ ಸಾಲುಗಳು ಈ ಅಂಚಿನಿಂದ ಆ ಅಂಚಿಗೆ ನೆಟ್ಟಗೆ ಮಲಗಿದ್ದವು. ಸಂಗಯ್ಯನವರ ಹೆಸರು ಒಂದೇ ಸಾಲಿನಲ್ಲಿ, ಊರೂ ಸೇರಿ.

"ಈಗ ಆತು ನೋಡ್ರಿ. ಮೆಟ್ಲು ಹೋಗಿ ಅಂಗಳ ಆತು" ಎಂದು ಅವರು ಕಾಗದವನ್ನು ಕಣ್ಣಿಗೊತ್ತಿಕೊಂಡು ಕಚೇರಿಯ ಕಡೆ ನಡೆದರು.

ಜ್ಯೋತಿ ಆಗ ಎಲ್ಲವನ್ನೂ ಹೇಳಿದಳು; ಗಂಟೆಯ ಕತೆ, ಎಡಗೈಯ ಕತೆ, ಅದನ್ನು ಕಂಡುಹಿಡಿದವರ ಕತೆ. ದುರ್ಗಮ್ಮ ತನ್ನ ಎಡಗೈಯನ್ನು ಎತ್ತಿ, ಬೇರೆಯವರ ಮನೆಯ ಮಗುವನ್ನು ನೋಡುವಂತೆ ನೋಡಿದಳು. ಆಮೇಲೆ ರೋಹಿಣಿಯ ಕಡೆ ತಿರುಗಿದಳು.

"ಸುಮ್ನಿದ್ದಿದ್ರೆ ಕುರ್ಚಿ ನಿಂದಾಗ್ತಿತ್ತಲ್ಲೇ. ಎಲ್ಲಾ ಕಡೆ ಸುಮ್ನಿರ್ತೆ, ಇಲ್ಲೊಂದು ಕಡೆ ಸುಮ್ನಿರೂಕೆ ಆಗ್ಲಿಲ್ಲ ಅಲ್ದಾ?"

ರೋಹಿಣಿ ನೆಲ ನೋಡಿದಳು. ಜ್ಯೋತಿ, "ಸಾಕು, ಅವಳಿಗೂ ಒಂದು ಕುರ್ಚಿ ಇಟ್ಟಾಗಿದೆ. ಅಟ್ಟದ ಮೇಲೆ ಹಳೆ ಕಂಪ್ಯೂಟರ್ ಒಂದು ಇದೆ, ಉಲ್ಲಾಸ ಅದನ್ನ ಎಬ್ಬಿಸಿ ಕೊಡ್ತಾನೆ. ಬೆಳಿಗ್ಗೆ ಝೆರಾಕ್ಸ್, ಮಧ್ಯಾಹ್ನದ ಮೇಲೆ ಟೈಪಿಂಗ್. ಕಲಿಸೂದು ದುರ್ಗಮ್ಮನ ಕೆಲಸ" ಎಂದಳು. ಉಲ್ಲಾಸ ಮನಸ್ಸಿನಲ್ಲೇ ಭಾನುವಾರ ಎಣಿಸಿದ.

ಮುಂದಿನ ವಾರದಿಂದ ಎರಡು ಕುರ್ಚಿ ಅಕ್ಕಪಕ್ಕ ಬಂದವು. ದುರ್ಗಮ್ಮನ ಬೆರಳು ದಿನದಿನಕ್ಕೆ ಪಳಗಿ, ಖಟಕ್ ಅಪರೂಪವಾಯಿತು. ಆದರೆ ಅವಳಿಗೆ ಇನ್ನೊಂದು ಕೊರಗು ಹತ್ತಿಕೊಂಡಿತು.

"ಎಲ್ಲಾ ಸಮಾ ಇದ್ದು. ಆದ್ರೆ ಸಾಲು ಮುಗೀತು ಅಂತ ಹೇಳೂರೇ ಇಲ್ಲ ನೋಡು. ತಾನೇ ಮಡಚಿಕೊಂಡು ಕೆಳಗೆ ಹೋಗ್ತದಂತೆ. ಹೋಗ್ಲಿ, ಬ್ಯಾಡ ಅಂದವರು ಯಾರು? ಒಂದು ಮಾತು ಹೇಳಿ ಹೋಗೂದಲ್ದಾ? ಮಷಿನ್ನಿನ ಗಂಟೆ ಇದ್ದಾಗ ಜೊತೆಗೊಬ್ಬರು ಇದ್ದಾಂಗೆ ಇತ್ತು" ಎಂದು ಹೊಡೆಯುತ್ತಲೇ ಹೇಳಿದಳು.

ರೋಹಿಣಿ ತನ್ನ ಪರದೆ ನೋಡುತ್ತಿದ್ದವಳು ಓರೆಗಣ್ಣಲ್ಲಿ ಪಕ್ಕದ್ದನ್ನು ನೋಡಿದಳು. ದುರ್ಗಮ್ಮನ ಸಾಲು ಅಂಚಿಗೆ ಬರುತ್ತಿತ್ತು. ಇನ್ನು ಎರಡು ಅಕ್ಷರ. ಇನ್ನು ಒಂದು.

"ಟಿಣ್" ಎಂದಳು ರೋಹಿಣಿ.

ದುರ್ಗಮ್ಮನ ಎಡಗೈ ಸಟ್ಟನೆ ಮೇಲೆದ್ದಿತು. ಗಾಳಿಯಲ್ಲೇ ನಿಂತಿತು. ಸರದಿಯಲ್ಲಿದ್ದವರೆಲ್ಲ ನೋಡಿದರು. ಇಷ್ಟು ದಿನ ಬಾಯಿಯೇ ಇಲ್ಲವೆಂದುಕೊಂಡಿದ್ದ ಹುಡುಗಿ ಕೀಬೋರ್ಡಿನ ಮೇಲೆ ಬಗ್ಗಿ, ಹೆಗಲು ಕುಲುಕಿಸುತ್ತ ನಗುತ್ತಿದ್ದಳು.

"ಹಡಬೆ ಹುಡುಗಿ!" ಎಂದು ದುರ್ಗಮ್ಮ, ಎತ್ತಿದ ಕೈಯನ್ನು ಹಾಗೇ ಸುಮ್ಮನೆ ಇಳಿಸುವುದೇಕೆಂದು, ಅವಳ ಬೆನ್ನಿಗೊಂದು ಕೊಟ್ಟಳು.